ಪೇಟೆಯೊಳಗೇ ಮನೆ ಇರೋದು ಅಂದ್ರೆ

(1)

"ಚಿಕ್ಕಪೇಟೆ ಹತ್ರ ಮನೆಗಳು ಬೇರೆ ಇರ್ತವಾ? ಬರೀ ಅಂಗಡಿ ಅಲ್ವಾ?"

ಕಾಲೇಜಿಗೆ ಸೇರಿ ಮೂರು ವರ್ಷ ಆಗ್ತಾ ಬಂತು. ಈ ಪ್ರಶ್ನೆಗೆ ಉತ್ತರ ಕೊಟ್ಟು ಕೊಟ್ಟು ಸಾಕಾಗಿ ಈ ಸರಣಿ ಬರೀತಾ ಇದೀನಿ. ಇರ್ತವೆ ಮಾರಾಯ್ರೆ. ನೀವು ಸೀರೆ ಅಂಗಡಿ ಬೋರ್ಡುಗಳನ್ನ ನೋಡ್ಕೊಂಡು ನಡೀತೀರಲ್ಲ, ಎರಡು ಬೋರ್ಡಿನ ಮಧ್ಯೆ ಒಬ್ಬ ಮನುಷ್ಯ, ಒಂದು ಸ್ಕೂಟರ್ ಹೋಗುವಷ್ಟು ಓಣಿ ಇರುತ್ತೆ. ಅದನ್ನ ಗೋಡೌನಿಗೆ ದಾರಿ ಅಂದ್ಕೊಂಡು ಮುಂದೆ ಹೋಗಿರ್ತೀರಿ. ಒಳಗೆ ಬಂದ್ರೆ ತುಳಸಿ ಗಿಡ, ಒಣಗೋಕೆ ಹಾಕಿದ ಬಟ್ಟೆ, ಕುಕ್ಕರ್ ಸೀಟಿ, ಬಾಗಿಲಲ್ಲಿ ಕೂತು ಕುಚ್ಚು ಕಟ್ಟುವ ಹೆಂಗಸರು ಎಲ್ಲ ಸಿಗ್ತಾರೆ. ಅವರಲ್ಲಿ ಒಬ್ಬರು ನಮ್ಮಮ್ಮ.

ನಮ್ಮದು ಕಬ್ಬನ್‌ಪೇಟೆ. ಮನೆ ಹನ್ನೆರಡು ಅಡಿ ಅಗಲ, ನಲವತ್ತು ಅಡಿ ಉದ್ದ, ಒಂದು ರೈಲು ಬೋಗಿ ಥರ. ಮುಂದಿನ ಬಾಗಿಲಿಂದ ಹಿಂದಿನ ಬಚ್ಚಲಿನ ತನಕ ಒಂದೇ ನೇರ. ಮೊದಲ ಫೋಟೋದಲ್ಲಿ ಕಾಣೋ ಹಸಿರು ಬಾಗಿಲು ನಮ್ಮದೇ. ಹೆರಿಟೇಜ್ ವಾಕ್ ಅಂತ ಬರೋರು ಅದರ ಮುಂದೆ ನಿಂತು ಫೋಟೋ ತೆಗೆಸ್ಕೋತಾರೆ. ಒಳಗಡೆ ನಾನು ಕಾಸ್ಟ್ ಅಕೌಂಟಿಂಗ್ ಲೆಕ್ಕ ಮಾಡ್ತಾ ಕೂತಿರ್ತೀನಿ ಅಂತ ಅವರಿಗೇನು ಗೊತ್ತು.

ಈ ಬಾಗಿಲು ಇನ್ನೆಷ್ಟು ದಿನ ನಮ್ಮದಾಗಿರುತ್ತೆ ಅನ್ನೋದು ಸದ್ಯ ನಮ್ಮನೆಯ ದೊಡ್ಡ ಚರ್ಚೆ. ಅದನ್ನ ಆಮೇಲೆ ಹೇಳ್ತೀನಿ. ಮೊದಲು ಊರು ನೋಡಿ.

(2)

ಸ್ಕೂಲಲ್ಲಿ ಓದಿದ್ದು ನೆನಪಿದೆಯಾ? 1537, ಯಲಹಂಕದ ನಾಡಪ್ರಭು ಕೆಂಪೇಗೌಡರು, ಮಣ್ಣಿನ ಕೋಟೆ. ನಾಲ್ಕು ಜೋಡಿ ಎತ್ತುಗಳನ್ನ ನಾಲ್ಕು ದಿಕ್ಕಿಗೆ ಉಳೋಕೆ ಬಿಟ್ಟರು, ನೇಗಿಲು ಗೀಚಿದ ಗೆರೆಗಳೇ ರಸ್ತೆಗಳಾದವು ಅನ್ನೋ ಕಥೆ. ಆ ಗೆರೆಗಳು ಒಂದನ್ನೊಂದು ದಾಟಿದ ಜಾಗ ಅಂತ ಹೇಳೋದು ದೊಡ್ಡಪೇಟೆ ಮತ್ತು ಚಿಕ್ಕಪೇಟೆ ಬೀದಿಗಳು ಸೇರೋ ವೃತ್ತವನ್ನ. ದೊಡ್ಡಪೇಟೆ ಅಂದ್ರೆ ಯಾವುದು ಗೊತ್ತಾ? ನೀವು ಸೆಕೆಂಡ್ ಹ್ಯಾಂಡ್ ಪುಸ್ತಕಕ್ಕೆ ಹೋಗ್ತೀರಲ್ಲ, ಆ ಅವೆನ್ಯೂ ರೋಡೇ. ಕಥೆ ನಿಜವೋ ಸುಳ್ಳೋ, ಈಗ ಆ ವೃತ್ತದಲ್ಲಿ ಎತ್ತಲ್ಲ, ಒಂದು ಟೆಂಪೋ ತಿರುಗಿಸೋಕೂ ಆಗಲ್ಲ.

ಪೇಟೆ ಅಂದ್ರೆ ಒಂದಲ್ಲ. ಕಸುಬಿಗೊಂದು, ಸರಕಿಗೊಂದು ಪೇಟೆ. ಅರಳೆಗೆ ಅರಳೇಪೇಟೆ, ಅಕ್ಕಿಗೆ ಅಕ್ಕಿಪೇಟೆ, ಬಳೆಗೆ ಬಳೇಪೇಟೆ, ಎಣ್ಣೆ ಗಾಣದವರಿಗೆ ಗಾಣಿಗರಪೇಟೆ, ಮಡಕೆ ಮಾಡೋರಿಗೆ ಕುಂಬಾರಪೇಟೆ, ಉಪ್ಪಾರರಿಗೆ ಉಪ್ಪಾರಪೇಟೆ, ವ್ಯಾಪಾರ ಮಾಡುವ ನಗರ್ತರಿಗೆ ನಗರ್ತಪೇಟೆ, ತೋಟಗಾರಿಕೆಯ ತಿಗಳರಿಗೆ ತಿಗಳರಪೇಟೆ. ಹೆಸರು ಉಳಿದಿದೆ, ಸರಕು ಮಾತ್ರ ಜಾಗ ಬದಲಾಯಿಸಿದೆ. ಬಳೇಪೇಟೆಗೆ ಈಗ ಜನ ವೀಣೆ, ತಬಲ, ಹಾರ್ಮೋನಿಯಂ ಅಂತ ಬರ್ತಾರೆ.

ನಮ್ಮ ಕಬ್ಬನ್‌ಪೇಟೆಗೆ ಕಸುಬಿನ ಹೆಸರಿಲ್ಲ, ಸಾಹೇಬರ ಹೆಸರಿದೆ. 1834ರಿಂದ 1861ರ ತನಕ ಮೈಸೂರು ಸೀಮೆಗೆ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್. ಅದೇ ಕಬ್ಬನ್‌ಗೆ ಆ ಕಡೆ ಒಂದು ಪಾರ್ಕು, ಈ ಕಡೆ ನಾವು. ಪಾರ್ಕಿನ ಹೆಸರು ಎಲ್ಲರಿಗೂ ಗೊತ್ತು. ನಮ್ಮ ವಿಳಾಸ ಮಾತ್ರ ಎಷ್ಟೋ ಸಲ ಡೆಲಿವರಿ ಹುಡುಗರಿಗೂ ಸಿಗಲ್ಲ.

ಇನ್ನೊಂದು ತಮಾಷೆ. ನಮ್ಮ ಹತ್ತಿರದ ಪೊಲೀಸ್ ಸ್ಟೇಷನ್ ಹೆಸರು ಹಲಸೂರು ಗೇಟ್. ಹಲಸೂರು ಇಲ್ಲಿಂದ ಎಷ್ಟೋ ದೂರ, ಗೇಟು ಎಲ್ಲೂ ಕಾಣಲ್ಲ. ಯಾಕಂದ್ರೆ ಪೇಟೆಗೆ ಕೋಟೆ ಗೋಡೆ ಇದ್ದ ಕಾಲದಲ್ಲಿ ಹಲಸೂರಿನ ಕಡೆಗೆ ತೆರೆಯುತ್ತಿದ್ದ ಬಾಗಿಲು ಅದು. 1791ರ ಮಾರ್ಚ್ 7ರಂದು ಕಾರ್ನ್‌ವಾಲಿಸ್‌ನ ಸೈನ್ಯ ನುಗ್ಗಿದ್ದು ಆ ಬಾಗಿಲಿಂದಲೇ. ಪೇಟೆ ಅವತ್ತೇ ಬಿತ್ತು. ಪಕ್ಕದ ಕೋಟೆ, ಅದನ್ನ 1761ರಲ್ಲಿ ಹೈದರ್ ಅಲಿ ಕಲ್ಲಲ್ಲಿ ಕಟ್ಟಿಸಿದ್ದು, ಇನ್ನೂ ಎರಡು ವಾರ ತಡೀತು. ಮಾರ್ಚ್ 21ಕ್ಕೆ ಅದೂ ಹೋಯ್ತು. ಅದರ ಚೂರು ಈಗಲೂ ಕೆ.ಆರ್. ಮಾರ್ಕೆಟ್ ಹತ್ತಿರ ನಿಂತಿದೆ, ಡೆಲ್ಲಿ ಗೇಟ್ ಅಂತಾರೆ. ಫ್ಲೈಓವರ್ ಕೆಳಗಿನ ಗಲಾಟೇಲಿ ನೀವು ಬಸ್ ಹುಡುಕ್ತಾ ಇರ್ತೀರಿ, ಅದು ಅಲ್ಲೇ ಪಕ್ಕದಲ್ಲಿ ಸುಮ್ಮನೆ ಇರುತ್ತೆ.

ಗೋಡೆ ಹೋದ್ರೂ ಗೇಟು ಹೋಗಲಿಲ್ಲ ನೋಡಿ, ಎಫ್‌ಐಆರ್ ಮೇಲೆ ಉಳ್ಕೊಂಡಿದೆ.

(3)

ಇದು ಬಿಕಾಂನವರಿಗೆ. ಬಿಎಸ್‌ಸಿನವರು ಬೇಕಾದ್ರೆ ಮುಂದಿನದಕ್ಕೆ ಹೋಗಿ.

ನಮ್ಮಪ್ಪ ಒಂದು ಹೋಲ್‌ಸೇಲ್ ಸೀರೆ ಅಂಗಡೀಲಿ ಸೇಲ್ಸ್‌ಮನ್. ಇಪ್ಪತ್ತಾರು ವರ್ಷದಿಂದ ಒಂದೇ ಅಂಗಡಿ. ಬಿಳಿ ಹಾಸಿಗೆ ಮೇಲೆ ಕೂತು, ಚಪ್ಪಲಿ ಬಿಟ್ಟು ಒಳಗೆ ಬಂದವರಿಗೆ ಸೀರೆ ಬಿಚ್ಚಿ ಬಿಚ್ಚಿ ತೋರಿಸೋದು ಕೆಲಸ. ಕನ್ನಡ, ತೆಲುಗು, ತಮಿಳು, ಹಿಂದಿ ನಾಲ್ಕರಲ್ಲೂ "ಈ ಕಲರ್ ನಿಮಗೆ ಹೇಳಿ ಮಾಡಿಸಿದ ಹಾಗಿದೆ" ಅಂತ ಹೇಳಬಲ್ಲರು. ಮಾಲೀಕರು ಮೂಲತಃ ರಾಜಸ್ಥಾನದವರು. ಅವರ ತಾತನ ಕಾಲದಲ್ಲೇ ಇಲ್ಲಿಗೆ ಬಂದಿದ್ದು. ಅವರ ಕನ್ನಡ ನಮ್ಮ ಕ್ಲಾಸಿನ ಅರ್ಧ ಜನರಿಗಿಂತ ಚೆನ್ನಾಗಿದೆ (ಬೇಜಾರಾಗಬೇಡಿ, ನಿಜ).

ನೀವು ಸೀರೆ ಟ್ಯಾಗ್ ಮೇಲೆ ಅರ್ಥವಿಲ್ಲದ ಅಕ್ಷರಗಳನ್ನ ನೋಡಿದೀರಾ? ಅದು ಅಂಗಡಿಯ ಗುಟ್ಟು. ಹತ್ತು ಬೇರೆ ಬೇರೆ ಅಕ್ಷರ ಇರೋ ಒಂದು ಮಾತನ್ನ ಅಂಗಡಿಯವರು ಆರಿಸ್ಕೋತಾರೆ. ಮೊದಲ ಅಕ್ಷರ ಅಂದ್ರೆ 1, ಎರಡನೇದು 2, ಕೊನೇದು ಸೊನ್ನೆ. ಸೀರೆಯ ಅಸಲು ಬೆಲೆಯನ್ನ ಆ ಅಕ್ಷರಗಳಲ್ಲಿ ಬರೀತಾರೆ. ಗಿರಾಕಿ ಎದುರಿಗೇ ಟ್ಯಾಗ್ ಇರುತ್ತೆ, ಆದ್ರೆ ಎಷ್ಟರ ತನಕ ಇಳಿಯಬಹುದು ಅನ್ನೋದು ಸೇಲ್ಸ್‌ಮನ್‌ಗೆ ಮಾತ್ರ ಗೊತ್ತು. ಅಪ್ಪ ತಮ್ಮ ಅಂಗಡಿಯ ಮಾತು ಯಾವುದು ಅಂತ ನನಗೇ ಇನ್ನೂ ಹೇಳಿಲ್ಲ. ಅಮ್ಮನಿಗೂ ಹೇಳಿಲ್ಲ. ನಾನೊಂದು ಸಲ ಐದಾರು ಟ್ಯಾಗ್ ಇಟ್ಕೊಂಡು ಬಿಡಿಸೋಕೆ ಕೂತಿದ್ದೆ, ಟ್ಯಾಗ್ ಕಿತ್ಕೊಂಡು ಹೋದ್ರು.

ಫಸ್ಟ್ ಸೆಮ್‌ನಲ್ಲಿ ಓದಿದ್ವಲ್ಲ, ಟ್ರೇಡ್ ಡಿಸ್ಕೌಂಟ್ ಪುಸ್ತಕಕ್ಕೆ ಬರಲ್ಲ, ಕ್ಯಾಶ್ ಡಿಸ್ಕೌಂಟ್ ಬರುತ್ತೆ ಅಂತ. ನಾನು ಅದನ್ನ ಬಾಯಿಪಾಠ ಮಾಡ್ತಿದ್ದಾಗ ಅಪ್ಪ ಊಟ ಮಾಡ್ತಾ, "ಅದೇನು ಅಷ್ಟೊಂದು ಓದ್ತೀಯ, ಜಾಸ್ತಿ ತಗೊಂಡೋನಿಗೆ ಕಮ್ಮಿ ಬಿಲ್ ಹಾಕ್ತೀವಿ, ಬೇಗ ಕೊಟ್ಟೋನಿಗೆ ಆಮೇಲೆ ಬಿಡ್ತೀವಿ, ಅಷ್ಟೇ" ಅಂದ್ರು. ಪರೀಕ್ಷೆಯಲ್ಲಿ ಅದನ್ನೇ ಸ್ವಲ್ಪ ಇಂಗ್ಲಿಷ್ ಸೇರಿಸಿ ಬರೆದೆ.

ಇಲ್ಲಿ ಉದರಿ ಇಲ್ಲದೆ ಏನೂ ನಡೆಯಲ್ಲ. ದಾವಣಗೆರೆಯಿಂದಲೋ ಹೊಸೂರಿಂದಲೋ ಬಂದ ಅಂಗಡಿಯವರು ಬಂಡಲ್ ಕಟ್ಟಿಸ್ಕೊಂಡು ಹೋಗ್ತಾರೆ, ದುಡ್ಡು ತಿಂಗಳು ಎರಡು ತಿಂಗಳು ಬಿಟ್ಟು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದ ಮೇಲೆ ಬಿಲ್ಲು ಕಂಪ್ಯೂಟರಿಗೆ ಹೋಯ್ತು, ವರ್ಷ ಏಪ್ರಿಲ್‌ನಿಂದ ಮಾರ್ಚ್. ಆದ್ರೆ ದೀಪಾವಳಿ ಲಕ್ಷ್ಮೀಪೂಜೆ ದಿನ ಕೆಂಪು ಬಟ್ಟೆ ರಟ್ಟಿನ ಹೊಸ ಖಾತೆ ಪುಸ್ತಕಕ್ಕೆ ಅರಿಶಿನ ಕುಂಕುಮ ಹಚ್ಚೋದು ನಿಂತಿಲ್ಲ. ಹೋದ ವರ್ಷ ಅಪ್ಪನ ಅಂಗಡೀಲಿ ಪುಸ್ತಕದ ಪಕ್ಕ ಲ್ಯಾಪ್‌ಟಾಪ್‌ಗೂ ಕುಂಕುಮ ಇಟ್ಟಿದ್ರು. ಫೋಟೋ ಐದು ಅದೇ.

(4)

ತಾತನ ಮಗ್ಗದ ಫೋಟೋ ನನ್ನ ಹತ್ರ ಇರೋದು ಇದೊಂದೇ. ಅದೂ ಮಸುಕು.

ನಾವು ದೇವಾಂಗದವರು, ನೇಯ್ಗೆ ನಮ್ಮ ಕಸುಬು. ಈಗ ನಾವು ಮಲಗೋ ಹಾಲ್‌ನಲ್ಲೇ ಎರಡು ಪವರ್‌ಲೂಮ್ ಇದ್ವು. ಕಬ್ಬನ್‌ಪೇಟೆ ಓಣಿಗಳಲ್ಲಿ ಇಂಥ ಮನೆಗಳು ತುಂಬಾ ಇದ್ವು, ಸ್ವಲ್ಪ ಈಗಲೂ ಇವೆ. ಮಧ್ಯಾಹ್ನ ಬಂದು ಕಿವಿ ಕೊಟ್ರೆ ಯಾವುದೋ ಗೋಡೆ ಹಿಂದಿಂದ ಟಕ್‌ಟಕಾಟಕ್ ಕೇಳುತ್ತೆ. ನಾನು ಹುಟ್ಟಿದಾಗ ಮಗ್ಗ ನಿಲ್ಲಿಸಿದ್ರಂತೆ, ಮಗು ಮಲಗಲಿ ಅಂತ. ಶಬ್ದ ನಿಂತ ತಕ್ಷಣ ನಾನು ಎದ್ದು ಅಳ್ತಿದ್ದೆನಂತೆ. ಹೊಟ್ಟೇಲಿದ್ದಾಗಿಂದ ಕೇಳಿದ್ದು ಅದೇ ಶಬ್ದ ಅಲ್ವಾ. ಆಮೇಲೆ ಮಗ್ಗ ಓಡಿಸಿಯೇ ಮಲಗಿಸ್ತಿದ್ರು.

ಹಾಸು ಅಂದ್ರೆ ಉದ್ದದ ಎಳೆ, ಹೊಕ್ಕು ಅಂದ್ರೆ ಅಡ್ಡದ ಎಳೆ. "ಹಾಸುಹೊಕ್ಕಾಗಿದೆ" ಅಂತ ಕನ್ನಡ ಪೇಪರಲ್ಲಿ ಬರೀತೀವಲ್ಲ, ಅದು ಇಲ್ಲಿಂದ ಹೋದ ಮಾತು. ಅಂಚು ಸೆರಗಿನ ಹೂವು ಬಳ್ಳಿಗೆ ಮೇಲೆ ಜಕಾರ್ಡ್ ಕೂರಿಸ್ತಾರೆ. ರಟ್ಟಿನ ಕಾರ್ಡುಗಳ ಉದ್ದ ಸರ, ಕಾರ್ಡಿನ ತುಂಬ ತೂತು. ತೂತು ಇದ್ದ ಕಡೆ ಒಂದು ಎಳೆ ಮೇಲೇಳುತ್ತೆ, ಇಲ್ಲದ ಕಡೆ ಏಳಲ್ಲ. ಕಂಪ್ಯೂಟರಿನ ಸೊನ್ನೆ ಒಂದು ಥರಾನೇ. ನಮ್ಮ ಓಣಿಯಿಂದ ಸ್ವಲ್ಪ ನಡೆದ್ರೆ ಎಸ್‌.ಪಿ. ರೋಡು, ನೀವೆಲ್ಲ ಗ್ರಾಫಿಕ್ಸ್ ಕಾರ್ಡ್ ಕೇಳ್ಕೊಂಡು ಬರೋ ಜಾಗ. ತಾತನ ಕಾರ್ಡುಗಳು ಮಾತ್ರ ಗುಜರಿಗೆ ಹೋದ್ವು, ತೂಕದ ಲೆಕ್ಕದಲ್ಲಿ.

ಯಾಕೆ ಮಾರಿದ್ರು ಅಂತ ಕೇಳಿದ್ರೆ ಒಂದೇ ಕಾರಣ ಇಲ್ಲ. ರೇಷ್ಮೆ ನೂಲಿನ ರೇಟು ಏರ್ತಾ ಇತ್ತು, ಸೂರತ್ ಕಡೆಯಿಂದ ಪಾಲಿಯೆಸ್ಟರ್ ಸೀರೆ ಬಂದು ಅಂಗಡಿ ತುಂಬ್ತು, ನೋಡೋಕೆ ಅದೇ ಹೊಳಪು. ಅಪ್ಪ ಆಗಲೇ ಅಂಗಡಿ ಸೇರಿದ್ರು. ಅಂದ್ರೆ ಮಗ ಸಂಬಳಕ್ಕೆ ಮಾರ್ತಿದ್ದ ಸೀರೆಯ ಜೊತೆ ಅಪ್ಪ ಮನೇಲಿ ನೇಯ್ದ ಸೀರೆ ಪೈಪೋಟಿ ಮಾಡಬೇಕಿತ್ತು. ಇದನ್ನ ಮನೇಲಿ ಯಾರೂ ಜೋರಾಗಿ ಹೇಳಲ್ಲ. ನಾನು ಇಲ್ಲಿ ಬರೆದಿದೀನಿ, ಅಪ್ಪ ಇನ್‌ಸ್ಟಾದಲ್ಲಿ ಇಲ್ಲ.

(5)

ಕೆ.ಆರ್. ಮಾರ್ಕೆಟ್ ಹೂವಿನ ಫೋಟೋ ಹಾಕಲ್ವಾ ಅಂತ ಮೆಸೇಜ್ ಮಾಡಿದ್ರಿ. ಮೇಲಿನ ಮಹಡಿಯಿಂದ ಬಗ್ಗಿ ತೆಗೆಯೋ ಆ ಹಳದಿ ಕೆಂಪು ರಾಶಿಯ ಫೋಟೋ ತಾನೆ? ಹಾಕಲ್ಲ. ಬೆಂಗಳೂರಲ್ಲಿ ಕ್ಯಾಮೆರಾ ಇರೋರೆಲ್ಲ ತೆಗೆದಾಗಿದೆ.

ಅದರ ಬದಲು ಕೆಳಗೆ ಇಳಿದು ಹೋಗಿ, ಬೆಳಗಿನ ಜಾವ. ಹೂವು ಕೆ.ಜಿ. ಲೆಕ್ಕದಲ್ಲೂ ಸಿಗುತ್ತೆ, ಕಟ್ಟಿದ್ದು ಮಾರಿನ ಲೆಕ್ಕದಲ್ಲೂ ಸಿಗುತ್ತೆ. ಮಾರು ಅಂದ್ರೆ ಎರಡು ಕೈ ಚಾಚಿದಷ್ಟು ಉದ್ದ. ಹಾಗಾಗಿ ಮಾರೋರು ಕುಳ್ಳಗಿದ್ರೆ ನಿಮಗೆ ನಷ್ಟ, ನಮ್ಮಜ್ಜಿ ಇದನ್ನ ಗಂಭೀರವಾಗಿಯೇ ಹೇಳ್ತಿದ್ರು. ಡಿಮ್ಯಾಂಡ್ ಸಪ್ಲೈ ಅರ್ಥ ಆಗಿಲ್ಲ ಅನ್ನೋರು ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಕನಕಾಂಬರ ರೇಟು ಕೇಳಿ, ಹಬ್ಬದ ಎರಡು ದಿನ ಆದ ಮೇಲೆ ಮತ್ತೆ ಕೇಳಿ. ಗ್ರಾಫ್ ಬೇಡ.

ಫೋಟೋ ತೆಗೆಯೋ ಮುಂಚೆ ಒಂದು ಮಾತು ಕೇಳಿ. ನಾನು ಕೇಳಿದಾಗ ಒಬ್ಬ ಅಜ್ಜಿ, "ತೆಗಿ, ಆದ್ರೆ ಒಂದು ಮೊಳ ತಗೊಂಡು ತೆಗಿ" ಅಂದ್ರು. ತಗೊಂಡೆ. ನ್ಯಾಯವಾದ ವ್ಯವಹಾರ.

(6)

ಇದೊಂದು ಸ್ವಲ್ಪ ಉದ್ದ ಆಗುತ್ತೆ. ಕರಗ.

ಚೈತ್ರ ಹುಣ್ಣಿಮೆ ರಾತ್ರಿ ಪೇಟೆಯಲ್ಲಿ ಯಾರೂ ಮಲಗಲ್ಲ. ತಿಗಳರಪೇಟೆಯ ಧರ್ಮರಾಯ ಸ್ವಾಮಿ ದೇವಸ್ಥಾನದಿಂದ ಮಧ್ಯರಾತ್ರಿ ದಾಟಿದ ಮೇಲೆ ಕರಗ ಹೊರಗೆ ಬರುತ್ತೆ. ಹೊರೋ ಪೂಜಾರಿ ಹೆಣ್ಣಿನ ಉಡುಗೆಯಲ್ಲಿ, ಬಳೆ, ಮಂಗಳಸೂತ್ರ ಎಲ್ಲ ತೊಟ್ಟು, ಮಲ್ಲಿಗೆ ತುಂಬಿದ ಕರಗವನ್ನ ತಲೆ ಮೇಲೆ ಇಟ್ಕೊಂಡು ಬರ್ತಾರೆ. ಅವತ್ತು ಅವರು ದ್ರೌಪದಿ. ಸುತ್ತ ಬರಿಮೈಯಲ್ಲಿ ವೀರಕುಮಾರರು, ಕೈಯಲ್ಲಿ ಕತ್ತಿ. ಗೋವಿಂದಾ ಗೋವಿಂದಾ ಅನ್ನೋ ಕೂಗು ಮೊದಲು ಕೇಳುತ್ತೆ, ಆಮೇಲೆ ಮಲ್ಲಿಗೆ ವಾಸನೆ ಬರುತ್ತೆ, ಕರಗ ಕಾಣೋದು ಕೊನೆಗೆ, ಅದೂ ಕೆಲವೇ ಸೆಕೆಂಡು. ನಡೆಯಲ್ಲ, ಓಡಿದ ಹಾಗೇ ಹೋಗಿಬಿಡುತ್ತೆ. ಮಹಡಿ ಮೇಲಿಂದ ಜನ ಹೂವು ಎರಚ್ತಾರೆ. ಬೆಳಿಗ್ಗೆ ಓಣಿ ತುಂಬ ತುಳಿದ ಮಲ್ಲಿಗೆ.

ಕರಗ ದಾರಿಯಲ್ಲಿ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗುತ್ತೆ. ಇದನ್ನ ಯಾರಿಗಾದ್ರೂ ಹೇಳಿದ್ರೆ ಈಗಿನ ಕಾಲದಲ್ಲಿ "ಓ ಎಷ್ಟು ಚೆನ್ನಾಗಿದೆ" ಅಂತಲೋ, ಇಲ್ಲ ಮುಖ ಗಂಟು ಹಾಕ್ಕೊಂಡೋ ಕೇಳ್ತಾರೆ. ಪೇಟೆಯವರಿಗೆ ಎರಡೂ ವಿಚಿತ್ರ. ಕರಗ ಹೋಗೋ ದಾರಿ ಅದು, ಅಷ್ಟೇ. ಜರಿ ಕೊಡೋರು, ಬಣ್ಣ ಹಾಕೋರು, ನೇಯೋರು, ಮಾರೋರು, ಕುಚ್ಚು ಕಟ್ಟೋರು, ಒಂದು ಸೀರೆ ಹೊರಗೆ ಬರೋ ಹೊತ್ತಿಗೆ ಎಷ್ಟು ಥರದ ಮನೆ ಸುತ್ತಿ ಬಂದಿರುತ್ತೆ. ಕರಗವೂ ಹಾಗೇ ಸುತ್ತುತ್ತೆ.

ಒಂದು ವಿಷಯ ನನಗೆ ಗೊತ್ತಾದಾಗ ಬೇಜಾರಾಯ್ತು. ಕರಗದ ಆಚರಣೆಗೆ ಸಂಪಂಗಿ ಕೆರೆ ಬೇಕು. ಆ ಕೆರೆಯ ಬಹುಪಾಲು ಈಗ ಕಂಠೀರವ ಸ್ಟೇಡಿಯಂ. ಉಳಿದಿರೋದು ಒಂದು ಪುಟ್ಟ ಕೊಳ. ಪೇಟೆಗೆ ನೀರು ಕೊಡ್ತಿದ್ದ ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಈಗ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್. ನಮ್ಮ ಓಣಿಗೆ ನಲ್ಲಿ ನೀರು ಬರೋದು ದಿನ ಬಿಟ್ಟು ದಿನ. ಇವೆರಡನ್ನೂ ಸೇರಿಸಿ ಯೋಚನೆ ಮಾಡ್ತಾ ಬಿಂದಿಗೆ ಹಿಡ್ಕೊಂಡು ನಿಂತಿರ್ತೀನಿ.

(7)

ಈಗ ಮನೆ ವಿಷಯ.

ತಾತ ಹೋದ ಮೇಲೆ ಮನೆ ಮೂರು ಪಾಲು: ಅಪ್ಪ, ದೊಡ್ಡಪ್ಪ, ಅತ್ತೆ. ಅಕ್ಕಪಕ್ಕದ ಮೂರು ಮನೆ ಸೇರಿಸಿ ಕಮರ್ಷಿಯಲ್ ಕಟ್ಟಡ ಕಟ್ತೀನಿ ಅಂತ ಒಬ್ಬರು ಬಂದಿದಾರೆ. ಉಳಿದ ಎರಡು ಮನೆಯವರು ಒಪ್ಪಿಯಾಯ್ತು. ದೊಡ್ಡಪ್ಪ, ಅತ್ತೆ ಇಬ್ಬರಿಗೂ ಬೇರೆ ಕಡೆ ಸ್ವಂತ ಮನೆ ಇದೆ, ಅವರಿಗೆ ದುಡ್ಡಿನ ಅಗತ್ಯಾನೂ ಇದೆ. ತಪ್ಪು ಅನ್ನೋಕಾಗಲ್ಲ. ನಮ್ಮ ಪಾಲಿನ ದುಡ್ಡಲ್ಲಿ ಪೇಟೆಯೊಳಗೆ ಏನೂ ಸಿಗಲ್ಲ. ಕನಕಪುರ ರಸ್ತೆಯ ಕೊನೇಲಿ, ಹಸಿರು ಮೆಟ್ರೋದ ಕೊನೆ ಸ್ಟೇಷನ್ ಆಚೆ, ಎರಡು ರೂಮಿನ ಫ್ಲಾಟ್ ಸಿಗಬಹುದು. ಆ ಸ್ಟೇಷನ್ ಹೆಸರು ರೇಷ್ಮೆ ಸಂಸ್ಥೆ. ನೇಕಾರರ ಮನೆ ಮಾರಿ ಅಲ್ಲಿಗೆ ಹೋಗೋದು, ನಗಬೇಕೋ ಏನೋ.

"ನೀನು ಬಿಕಾಂ ಓದ್ತಿದೀಯಲ್ಲ, ಲೆಕ್ಕ ಹಾಕು" ಅಂದ್ರು ದೊಡ್ಡಪ್ಪ. ಹಾಕಿದೆ. ಎಕ್ಸೆಲ್ ಶೀಟ್ ಮಾಡಿದೆ. ಅಪ್ಪನಿಗೆ ಈಗ ಅಂಗಡಿ ಏಳು ನಿಮಿಷದ ನಡಿಗೆ, ಆಮೇಲೆ ಮೆಟ್ರೋ ಖರ್ಚು, ದಿನಕ್ಕೆ ಎರಡು ಗಂಟೆ. ರಿಪೇರಿ ಖರ್ಚು, ಮೇಂಟೆನೆನ್ಸ್ ಖರ್ಚು, ಎಲ್ಲ. ಕೊನೆಗೆ ಒಂದು ಸಾಲು ಸೇರಿಸಿದೆ: ಅಮ್ಮನ ಕುಚ್ಚು. ಅಂಗಡಿ ಹುಡುಗ ಬೆಳಿಗ್ಗೆ ಸೀರೆ ಕೊಟ್ಟು ಹೋಗ್ತಾನೆ, ಸಂಜೆ ಬಂದು ತಗೊಂಡು ಹೋಗ್ತಾನೆ. ತಿಂಗಳಿಗೆ ಎಂಟೊಂಬತ್ತು ಸಾವಿರ, ಶ್ರಾವಣದಲ್ಲಿ ಇನ್ನೂ ಜಾಸ್ತಿ. ಇದು ನಡೆಯೋದು ಮನೆ ಅಂಗಡಿಗೆ ಹತ್ತಿರ ಇರೋದ್ರಿಂದ ಮಾತ್ರ. ಅಷ್ಟು ದೂರಕ್ಕೆ ಯಾವ ಅಂಗಡಿಯವರೂ ಆರು ಸೀರೆ ಕಳಿಸಲ್ಲ. ಆಪರ್ಚುನಿಟಿ ಕಾಸ್ಟ್ ಅಂತ ಎರಡು ಮಾರ್ಕಿಗೆ ಬರೀತೀವಲ್ಲ, ನಮ್ಮನೇಲಿ ಅದು ಬಾಗಿಲಲ್ಲಿ ಕೂತು ದಾರ ಸುತ್ತುತ್ತೆ.

"ಇದೆಲ್ಲ ಲೆಕ್ಕಕ್ಕೆ ಬರುತ್ತಾ?" ಅಂದ್ರು ದೊಡ್ಡಪ್ಪ. ಬರುತ್ತೆ ಅಂದೆ. ಅಪ್ಪ ಏನೂ ಮಾತಾಡಲಿಲ್ಲ.

ಇಷ್ಟು ಓದಿ ನೀವು "ಮಾರಬೇಡಿ, ಹೆರಿಟೇಜ್" ಅಂತ ಕಾಮೆಂಟ್ ಹಾಕೋಕೆ ಹೊರಟಿದ್ರೆ ಸ್ವಲ್ಪ ತಡೀರಿ. ತಾತ ಬಚ್ಚಲಲ್ಲಿ ಬಿದ್ದ ದಿನ ಆಂಬುಲೆನ್ಸ್ ಓಣಿಯೊಳಗೆ ಬರೋಕಾಗಲಿಲ್ಲ. ಪಕ್ಕದ ಮನೆ ಹುಡುಗರು ಪ್ಲಾಸ್ಟಿಕ್ ಕುರ್ಚೀಲಿ ಕೂರಿಸಿ, ನಾಲ್ಕು ಜನ ಹೊತ್ಕೊಂಡು, ಎದುರಿಗೆ ಬರ್ತಿದ್ದ ಬಂಡಲ್ ಗಾಡಿಗಳನ್ನೆಲ್ಲ ಹಿಂದೆ ತಳ್ಳಿಸಿ ಮೇನ್ ರೋಡಿಗೆ ತಂದ್ರು. ತಾತ ಉಳಿದ್ರು, ಆಮೇಲೂ ಎರಡು ವರ್ಷ ಇದ್ರು. ಆದ್ರೆ ಆ ಹದಿನೈದು ನಿಮಿಷ ನನಗೆ ಮರೆಯೋಕಾಗಲ್ಲ. ಓಣಿ ಮೇಲಿನ ವೈರುಗಳ ಗೋಜಲು ನಿಮ್ಮ ಫೋಟೋದಲ್ಲಿ ಚೆನ್ನಾಗಿ ಬರುತ್ತೆ. ಎಲ್ಲೋ ಕಿಡಿ ಹಾರಿದ ರಾತ್ರಿ ಸುತ್ತ ಬಟ್ಟೆ ಗೋಡೌನುಗಳ ಮಧ್ಯೆ ಮಲಗಿ ನೋಡಿ.

ಇನ್ನೂ ಒಂದಿದೆ. ಮೊನ್ನೆ ರಾತ್ರಿ ಅಮ್ಮನನ್ನ ನೇರವಾಗಿ ಕೇಳಿದೆ, ನಿನಗೇನು ಬೇಕು ಅಂತ. ಅಮ್ಮನ ಕೆಲಸ ಉಳಿಸೋಕೆ ಅಂತಲೇ ನಾನು ಶೀಟಲ್ಲಿ ಆ ಸಾಲು ಸೇರಿಸಿದ್ದು. ಅಮ್ಮ ಸೂಜಿ ಕೆಳಗಿಡದೆ ಹೇಳಿದ್ರು, "ಒಂದು ಕಿಟಕಿ ಬೇಕು. ಬೆಳಿಗ್ಗೆ ಬಿಸಿಲು ಬರೋದು." ಇಪ್ಪತ್ತೆರಡು ವರ್ಷದಿಂದ ಟ್ಯೂಬ್‌ಲೈಟಲ್ಲೇ ಕುಚ್ಚು ಕಟ್ಟಿದ ಕಣ್ಣು ಅದು. "ಕೆಲಸ ಹೋದ್ರೆ?" ಅಂದೆ. "ಹೋಗುತ್ತೆ" ಅಂದ್ರು. ಬೇಸರವೂ ಇರಲಿಲ್ಲ, ಖುಷಿಯೂ ಇರಲಿಲ್ಲ ಆ ದನೀಲಿ.

ಕಿಟಕಿಗೆ ಯಾವ ಕಾಲಂನಲ್ಲಿ ಎಷ್ಟು ಹಾಕೋದು ಅಂತ ನನಗೆ ಗೊತ್ತಾಗಲಿಲ್ಲ. ಶೀಟು ಹಾಗೇ ಸೇವ್ ಮಾಡಿ ಮಲಗಿದೆ. ದೀಪಾವಳಿ ಆದ ಮೇಲೆ ಎಲ್ಲರೂ ಕೂತು ತೀರ್ಮಾನ ಮಾಡ್ತಾರೆ.

(8)

ಕೊನೆ ಪೋಸ್ಟ್. ಭಾನುವಾರ ಪೇಟೆ ತೋರಿಸು ಅಂದಿದ್ರಲ್ಲ, ಬನ್ನಿ.

ಚಿಕ್ಕಪೇಟೆ ಮೆಟ್ರೋದಲ್ಲಿ ಇಳೀರಿ, ಬೆಳಿಗ್ಗೆ ಏಳೂವರೆಗೆ. ಕಾರ್ ತರಬೇಡಿ, ದಯವಿಟ್ಟು. ಬಳೇಪೇಟೆಯಲ್ಲಿ ಸಾಗು ಮಸಾಲೆ ದೋಸೆ ತಿಂದು ಶುರು ಮಾಡೋಣ. ಅವೆನ್ಯೂ ರೋಡಲ್ಲಿ ರೈಸ್ ಮೆಮೋರಿಯಲ್ ಚರ್ಚ್ ನೋಡೋಣ. ನಮ್ಮ ನಾಡಿನ ಶಾಸನಗಳನ್ನ ಹುಡುಕಿ ಅಚ್ಚು ಹಾಕಿಸಿದ ಬಿ.ಎಲ್. ರೈಸ್ ಇದಾರಲ್ಲ, ಅವರ ತಂದೆಯ ನೆನಪಿಗೆ ಕಟ್ಟಿದ್ದು. ಅಲ್ಲಿಂದ ಮೈಸೂರು ಬ್ಯಾಂಕ್ ಸರ್ಕಲ್. 1913ರಲ್ಲಿ ಶುರುವಾದ ಬ್ಯಾಂಕು 2017ರಲ್ಲಿ ಎಸ್‌ಬಿಐ ಜೊತೆ ಸೇರಿಹೋಯ್ತು, ಸರ್ಕಲ್ ಮಾತ್ರ ಸೇರಿಲ್ಲ. ಆಮೇಲೆ ನಮ್ಮನೆ. ಅಮ್ಮ ಕಾಫಿ ಮಾಡ್ತೀನಿ ಅಂದಿದಾರೆ, ಆರು ಜನಕ್ಕಿಂತ ಜಾಸ್ತಿ ಬಂದ್ರೆ ಎರಡು ಬ್ಯಾಚ್ ಮಾಡ್ಕೊಳ್ಳಿ, ಹಾಲ್‌ನಲ್ಲಿ ಜಾಗ ಇಲ್ಲ. ಚಪ್ಪಲಿ ಹೊರಗೆ ಬಿಡಿ, ಒಳಗೆ ಗಿರಾಕಿಗಳ ಸೀರೆ ಹಾಸಿರುತ್ತೆ. ನೀರು ಬರೋ ದಿನ ಅದು, ಬಿಂದಿಗೆ ಎತ್ತೋಕೆ ಇಬ್ಬರು ಗಟ್ಟಿ ಆಳು ಬೇಕು, ಯಾರು ಅಂತ ಕೆಳಗೆ ಹೆಸರು ಹಾಕಿ.

#ನಮ್ಮಪೇಟೆ #ಕಬ್ಬನ್‌ಪೇಟೆ #ಚಿಕ್ಕಪೇಟೆ #ಬಿಕಾಂಕಥೆಗಳು